ಕಾಗದವಿಲ್ಲದ ಗಾಡಿ

ಬೇಲೂರು ಹಳೇಬೀಡುಗಳ ಶಿಲ್ಪಕಲೆಯನ್ನು ಕುರಿತ ಲೇಖನವೊಂದು ನಮ್ಮ ವಾರ್ಷಿಕ ಸಂಚಿಕೆಯಲ್ಲಿ ತಪ್ಪದೆ ಬರುತ್ತದೆ. ೨೦೨೩ರಲ್ಲಿ ಆ ಎರಡು ಊರುಗಳ ದೇವಾಲಯಗಳೂ ಸೋಮನಾಥಪುರದ ದೇವಾಲಯವೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಬರೆಯುವವರ ಉತ್ಸಾಹ ಇಮ್ಮಡಿಸಿದೆ. ಈ ವರ್ಷವೂ ಯಾರಾದರೂ ಬರೆದಿದ್ದಾರು. ನಾನು ಬರೆಯಹೊರಟಿರುವುದು ದೇವಾಲಯದ ವಿಷಯವನ್ನಲ್ಲ, ದೇವಾಲಯದ ಹೊರಗೆ, ಸಂತೆಯ ಬಯಲಿನಲ್ಲಿ, ರೈಲಿಗೆ ಹೋಗುವವರು ಮರದ ನೆರಳಿನಲ್ಲಿ ನಿಲ್ಲಿಸಿ ಹೋಗುವ ಮೋಟಾರ್ ಸೈಕಲ್ಲುಗಳ ವಿಷಯವನ್ನು; ಅವುಗಳಲ್ಲಿಯೂ, ಯಜಮಾನ ಹಿಂದಿರುಗಿ ಬಂದಾಗ ನಿಲ್ಲಿಸಿದ ಜಾಗದಲ್ಲಿ ಇಲ್ಲದೆ ಹೋದವುಗಳ ವಿಷಯವನ್ನು. ಇದು ಅಲ್ಪ ವಿಷಯವೆಂದು ಗುರುಗಳಿಗೆ ತೋರಿದರೆ ಕ್ಷಮಿಸಬೇಕು. ನಮ್ಮಲ್ಲಿ ಬೈಕು ಇರುವವರಿಗೆ ಅದನ್ನು ಕಳೆದುಕೊಳ್ಳುವ ಭಯವಿದೆ. ಇಲ್ಲದವರಿಗೆ ಅಗ್ಗದ್ದೊಂದು ಸಿಕ್ಕೀತೆಂಬ ಆಸೆಯಿದೆ. ಈ ಭಯಕ್ಕೂ ಆಸೆಗೂ ಹತ್ತಿರದ ನಂಟುಂಟೆಂಬುದು ನನಗೆ ತಡವಾಗಿ ತಿಳಿಯಿತು.

ಬೈಕು ಕದಿಯುವುದು ದೊಡ್ಡ ಸಾಹಸವೇನೂ ಅಲ್ಲ. ಕಷ್ಟವಿರುವುದು ಕದ್ದದ್ದನ್ನು ಹಣವಾಗಿಸುವುದರಲ್ಲಿ. ತೆಂಗಿನಕಾಯಿ ಕದ್ದವನಿಗೆ ಈ ತೊಡಕಿಲ್ಲ, ಕಾಯಿಯ ಮೇಲೆ ತೋಟದವನ ಹೆಸರು ಇರುವುದಿಲ್ಲ. ಚಿನ್ನವನ್ನು ಕರಗಿಸಿದರೆ ಅದರ ಪೂರ್ವಾಶ್ರಮ ಮುಗಿಯಿತು. ಬೈಕಿನ ಹಣೆಬರಹ ಮಾತ್ರ ಮೂರು ಕಡೆ ಬರೆದಿದೆ: ಹೊರಗೆ ನಂಬರ್ ಪ್ಲೇಟಿನ ಮೇಲೆ, ಎಂಜಿನ್ನಿನ ಕವಚದ ಮೇಲೆ, ಹ್ಯಾಂಡಲಿನ ಬುಡದಲ್ಲಿ ಚಾಸಿಯ ಉಕ್ಕಿನ ಮೇಲೆ. ಈ ಕೊನೆಯದು ಹದಿನೇಳು ಅಕ್ಷರ ಮತ್ತು ಅಂಕಿಗಳ ಸಾಲು. ಒಂದು, ಸೊನ್ನೆಗಳೊಡನೆ ಕಣ್ಣಿಗೆ ಗೊಂದಲವಾದೀತೆಂದು ಇಂಗ್ಲಿಷಿನ ಐ, ಓ, ಕ್ಯೂ ಎಂಬ ಮೂರು ಅಕ್ಷರಗಳನ್ನು ಅದರಲ್ಲಿ ಬಳಸುವುದೇ ಇಲ್ಲ. ಈ ಮೂರು ಬರಹಗಳೂ ಆರ್.ಸಿ. ಪುಸ್ತಕದಲ್ಲಿರುವುದಕ್ಕೆ ಒಪ್ಪಬೇಕು, ಆರ್.ಸಿ. ಸಾರಿಗೆ ಇಲಾಖೆಯ 'ವಾಹನ್' ದಾಖಲೆಗೆ ಒಪ್ಪಬೇಕು. ನಮ್ಮ ಕಡೆಯ ಕೆ.ಎ. ೧೩ರ ಗಾಡಿಯ ವಿವರವನ್ನು ಬೀದರಿನಲ್ಲಿ ಕುಳಿತವನೂ ಮೊಬೈಲಿನಲ್ಲಿ ನೋಡಬಹುದು. ೨೦೧೯ರ ಏಪ್ರಿಲಿನಿಂದ ಹೊಸ ಗಾಡಿಗಳಿಗೆ ಬಂದ ಅತಿ ಸುರಕ್ಷಿತ ನಂಬರ್ ಪ್ಲೇಟನ್ನು ೨೦೨೩ರ ಆಗಸ್ಟಿನಲ್ಲಿ ನಮ್ಮ ಸರ್ಕಾರ ಹಳೆಯ ಗಾಡಿಗಳಿಗೂ ಕಡ್ಡಾಯ ಮಾಡಿತು. ಅಶೋಕ ಚಕ್ರದ ಹೊಳೆಯುವ ಮುದ್ರೆ, ಲೇಸರಿನಿಂದ ಕೊರೆದ ಬೇರೆಯೊಂದು ಸಂಖ್ಯೆ, ಒಮ್ಮೆ ಕೂಡಿಸಿದರೆ ಮುರಿಯದೆ ಬಿಚ್ಚಲಾಗದ ಬೀಗ, ಇಷ್ಟು ಅದರಲ್ಲಿವೆ.

ಬೇಲೂರಿನ ಶಿಲ್ಪಿಗಳು ತಮ್ಮ ಕೃತಿಗಳ ಕೆಳಗೆ ಹೆಸರು ಕೆತ್ತಿದ್ದರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇವರ ಹೆಸರುಗಳನ್ನು ನಾವು ಇಂದಿಗೂ ಓದುತ್ತೇವೆ. ಹೊಯ್ಸಳರ ಕಲ್ಲಿಗಿದ್ದ ಆ ಭಾಗ್ಯ ಈಗ ಕಾರ್ಖಾನೆಯ ಉಕ್ಕಿಗೂ ಬಂದಿದೆ. ಅಳಿಸಿದರೆ ಹೋಯಿತಲ್ಲ ಎನ್ನಬಹುದು. ಅಳಿಸುವುದೂ ಅಷ್ಟು ಸುಲಭವಲ್ಲ. ಅಂಕಿಯನ್ನು ಒತ್ತುವಾಗ ಅದರ ಅಡಿಯ ಲೋಹವೂ ಒಳಗೊಳಗೇ ಬಿಗಿದುಕೊಳ್ಳುತ್ತದೆ. ಮೇಲ್ಮೈಯನ್ನು ಅರದಿಂದ ಉಜ್ಜಿ ಹಾಕಿದರೂ ನ್ಯಾಯವಿಜ್ಞಾನದ ಪ್ರಯೋಗಾಲಯದಲ್ಲಿ ಆಮ್ಲದ ದ್ರಾವಣ ಸವರಿದರೆ ಅಳಿಸಿದ ಅಂಕಿ ಮತ್ತೆ ಮಸುಕಾಗಿ ಮೂಡಿಬರುವುದುಂಟು.

ಹೀಗಿರುವಾಗ ಕದ್ದವನು ಏನು ಮಾಡಬೇಕು? ಕೆಲವರು ಪೆಟ್ರೋಲು ಮುಗಿಯುವವರೆಗೆ ಓಡಿಸಿ ಎಲ್ಲಿಯಾದರೂ ಬಿಟ್ಟುಹೋಗುತ್ತಾರೆ. ಹಾಗೆ ಸಿಕ್ಕಿದ್ದು, ಕಳ್ಳರ ಕೈಯಿಂದ ವಶವಾದದ್ದು, ಅಪಘಾತದ್ದು ಎಲ್ಲವೂ ಸೇರಿ ಪೊಲೀಸ್ ಠಾಣೆಗಳ ಅಂಗಳದಲ್ಲಿ ಮಳೆಗಾಳಿಗೆ ತುಕ್ಕು ಹಿಡಿಯುವುದನ್ನು ಎಲ್ಲರೂ ಕಂಡಿದ್ದೇವೆ. ಗುಜರಾತಿನ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ವಾಹನಗಳನ್ನು ಹೀಗೆ ಕೊಳೆಯಲು ಬಿಡದೆ, ಸೂಕ್ತ ಮುಚ್ಚಳಿಕೆ ಬರೆಸಿಕೊಂಡು ಬೇಗ ಬಿಡುಗಡೆ ಮಾಡಬೇಕೆಂದು ೨೦೦೨ರಲ್ಲಿಯೇ ಹೇಳಿತು. ಆ ಅಂಗಳಗಳು ಇನ್ನೂ ಬರಿದಾಗಿಲ್ಲ.

ಇನ್ನು ಕೆಲವರು ಬಿಚ್ಚಿ ಮಾರುತ್ತಾರೆ. ಚಕ್ರಕ್ಕೆ ನಂಬರಿಲ್ಲ, ಸೀಟಿಗಿಲ್ಲ, ಕಾರ್ಬ್ಯುರೇಟರಿಗೆ ಯಜಮಾನನ ಹೆಸರು ಗೊತ್ತಿಲ್ಲ. ಇಟಲಿಯ ವಿತ್ತೋರಿಯೋ ದೆ ಸೀಕಾ ೧೯೪೮ರಲ್ಲಿ ತೆಗೆದ 'ಬೈಸಿಕಲ್ ಥೀವ್ಸ್' ಚಿತ್ರವನ್ನು ನೋಡಿದವರಿಗೆ ಇದು ನೆನಪಿರಬೇಕು. ಗೋಡೆಗೆ ಪೋಸ್ಟರು ಅಂಟಿಸುವ ಕೆಲಸಕ್ಕೆ ಸೈಕಲ್ಲೇ ಆಧಾರ; ಕೆಲಸಕ್ಕೆ ಹೋದ ಮೊದಲ ದಿನವೇ ಅದು ಕಳುವಾಗುತ್ತದೆ. ಮರುದಿನ ಆ ತಂದೆ, ಅವನ ಪುಟ್ಟ ಮಗ ಮತ್ತು ಗೆಳೆಯರು ರೋಮಿನ ಸಂತೆಗೆ ಹೋಗಿ ಸೈಕಲ್ಲನ್ನು ಹುಡುಕುವುದಿಲ್ಲ. ಒಬ್ಬ ಟೈರು, ಒಬ್ಬ ಫ್ರೇಮು, ಹುಡುಗ ಪಂಪು ಮತ್ತು ಗಂಟೆ, ಹೀಗೆ ಹಂಚಿಕೊಂಡು ಹುಡುಕುತ್ತಾರೆ. ಒಬ್ಬ ವ್ಯಾಪಾರಿ ಫ್ರೇಮಿಗೆ ಬಣ್ಣ ಬಳಿಯುತ್ತಿರುತ್ತಾನೆ. ಪೊಲೀಸಿನವನನ್ನು ಕರೆತಂದು ಅದರ ನಂಬರು ಓದಿಸಿದರೆ, ಅದು ಇವರದಲ್ಲ. ಆ ದೃಶ್ಯವನ್ನು ನೋಡುವಾಗ ನನಗೆ ನನ್ನ ತಂದೆಯವರ ಮುಖ ಕಂಡಿತು. ಕಾರಣವನ್ನು ಹೇಳುತ್ತೇನೆ.

ನಮ್ಮದು ಹಳೇಬೀಡಿನಿಂದ ಜಾವಗಲ್ಲಿನ ಕಡೆಗಿರುವ ಹಳ್ಳಿ. ತಂದೆಯವರಲ್ಲಿ ಒಂದು ಟಿ.ವಿ.ಎಸ್. ಎಕ್ಸ್.ಎಲ್. ಇತ್ತು. ಅದನ್ನು ನೋಡಿದವರು ಮೋಟಾರ್ ಸೈಕಲ್ ಎನ್ನಲಾರರು, ಆದರೆ ನಮ್ಮ ಮನೆಗೆ ಅದು ಎತ್ತಿನ ಗಾಡಿಯೂ ಹೌದು, ಕುದುರೆಯೂ ಹೌದು. ಮುಂದೆ ಒಂದು ಮೂಟೆ, ಹಿಂದೆ ಒಂದು ಮೂಟೆ, ನಡುವೆ ತಂದೆ. ಒಂದು ದಿನ ಕೊಬ್ಬರಿಯ ಧಾರಣೆ ವಿಚಾರಿಸಲು ಅರಸೀಕೆರೆಗೆ ಹೋದವರು, ಅಂಗಡಿಯೊಂದರ ಮುಂದೆ ನಿಲ್ಲಿಸಿ ಒಳಗೆ ಹೋಗಿ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಗಾಡಿ ಮಾಯವಾಗಿತ್ತು. ಸಂಜೆಯವರೆಗೆ ಬೀದಿ ಬೀದಿ ಅಲೆದು, ದೂರು ಬರೆಸಿ, ರಾತ್ರಿಯ ಬಸ್ಸಿಗೆ ಮನೆಗೆ ಬಂದರು. ವಿಮೆ ಇದ್ದದ್ದು ಥರ್ಡ್ ಪಾರ್ಟಿ ಮಾತ್ರ. ನಮ್ಮ ಗಾಡಿಯಿಂದ ಇತರರಿಗೆ ಹಾನಿಯಾದರೆ ಅದು ಕೊಡುತ್ತದೆ, ನಮ್ಮ ಗಾಡಿಯೇ ಹೋದರೆ ಒಂದು ಕಾಸೂ ಬರುವುದಿಲ್ಲ. ಇದನ್ನು ನಾನು ಅವರಿಗೆ ಓದಿ ಹೇಳಿದಾಗ ಅವರು ಏನೂ ಅನ್ನಲಿಲ್ಲ. ಆರ್.ಸಿ. ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಜಮೀನಿನ ಪಹಣಿಗಳಿರುವ ಟ್ರಂಕಿನಲ್ಲಿಟ್ಟರು. ಅದು ಇನ್ನೂ ಅಲ್ಲಿದೆ. ಗಾಡಿ ಸಿಕ್ಕಲಿಲ್ಲ.

ಇದಾದ ಒಂದು ವರ್ಷಕ್ಕೆ ನನಗೆ ಬೈಕಿನ ಹುಚ್ಚು ಹಿಡಿಯಿತು. ಹುಚ್ಚೆಂದರೂ ಕಾರಣವಿಲ್ಲದ್ದಲ್ಲ. ಬೆಳಗಿನ ಬಸ್ಸು ತಪ್ಪಿದರೆ ಮೊದಲ ಎರಡು ಪಿರಿಯಡ್ಡುಗಳೂ ತಪ್ಪುತ್ತವೆ. ಹಾಜರಾತಿಯ ವಿಷಯದಲ್ಲಿ ನಮ್ಮ ಅಧ್ಯಾಪಕರ ಕಟ್ಟುನಿಟ್ಟು ಎಲ್ಲರಿಗೂ ತಿಳಿದದ್ದೇ. ಆ ದಿನಗಳಲ್ಲಿ ಚಹದಂಗಡಿಯಲ್ಲಿ ಪರಿಚಯವಾದ ಒಬ್ಬಾತ, "ಒಂದು ಸ್ಪ್ಲೆಂಡರ್ ಐತೆ ತಮ್ಮಾ, ಹದಿನೈದು ಸಾವಿರಕ್ಕೆ ಕೊಡಿಸ್ತೀನಿ. ಎಂಜಿನ್ ಕೈ ಹಾಕಿಲ್ಲ" ಎಂದ. ಅಂಥ ಗಾಡಿಗೆ ಪೇಟೆಯಲ್ಲಿ ನಲವತ್ತಕ್ಕೆ ಕಡಿಮೆಯಿರಲಿಲ್ಲ. ಆರ್.ಸಿ. ಕೇಳಿದೆ. "ಫೈನಾನ್ಸಿನವರ ತಾವ ಐತೆ. ಮುಂದಿನ ವಾರ ಬತ್ತದೆ. ನೀನು ಓಡಿಸ್ತಿರು" ಎಂದ. ನಾನು ಓದುವವನು, ಪದವಿಯ ಕೊನೆಯ ವರ್ಷದವನು. ಆ ಮಾತು ಸುಳ್ಳೆಂದು ನನಗೆ ತಿಳಿಯಲಿಲ್ಲವೇ? ತಿಳಿಯಿತು. ತಿಳಿದ ಮೇಲೂ ನಾನು ಮನೆಗೆ ಹೋಗಿ, ಹದಿನೈದು ಸಾವಿರ ಎಲ್ಲಿಂದ ಹೊಂದಿಸಲಿ ಎಂದು ಯೋಚಿಸಿದೆನೇ ಹೊರತು, ಗಾಡಿ ಯಾರದ್ದಿರಬಹುದೆಂದು ಯೋಚಿಸಲಿಲ್ಲ. ತಂದೆಯವರಿಗೆ ಹೇಳಿದೆ. ಅವರು ಬೆಲೆಯನ್ನು ಕೇಳಲಿಲ್ಲ, ಬಣ್ಣವನ್ನು ಕೇಳಲಿಲ್ಲ.

"ಕಾಗದ ಎಲ್ಲೈತೆ ಮಗಾ?"

"ಮುಂದಿನ ವಾರ ಕೊಡ್ತಾನಂತೆ, ಅಪ್ಪಾ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ತಾವ ಕಾಗದ ಐತೆ, ಗಾಡಿ ಇಲ್ಲ. ಅವನ ತಾವ ಗಾಡಿ ಐತೆ, ಕಾಗದ ಇಲ್ಲ" ಎಂದು ದನಕ್ಕೆ ಹುಲ್ಲು ಹಾಕಲು ಎದ್ದು ಹೋದರು.

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲವೆಂದು ಬರೆದರೆ ಕಥೆಯಂತಾದೀತು. ನಿದ್ದೆ ಬಂತು. ಮರುದಿನ ಗಾಡಿಯನ್ನು ನೋಡಲು ಹೋದೆ. ಹಿಂದಿನ ಪ್ಲೇಟಿನ ನಂಬರನ್ನು ಮೊಬೈಲಿನಲ್ಲಿ ಒತ್ತಿ ನೋಡಿದರೆ ಅದು ಯಾವುದೋ ಸ್ಕೂಟರಿನ ನಂಬರು. ಹ್ಯಾಂಡಲಿನ ಬುಡದಲ್ಲಿ ದಪ್ಪಗೆ ಗ್ರೀಸು ಮೆತ್ತಿತ್ತು. ಬೆರಳಿನಿಂದ ಒರೆಸಿದರೆ, ಹದಿನೇಳು ಅಕ್ಷರಗಳಿರಬೇಕಾದ ಕಡೆ ಉಕ್ಕು ಹೊಸ ರೂಪಾಯಿಯಂತೆ ಹೊಳೆಯುತ್ತಿತ್ತು. "ಬ್ಯಾಡಣ್ಣ" ಎಂದು ಹಿಂದಿರುಗಿದೆ.

ನನಗೆ ಈಗ ಹೇಳಬೇಕೆನಿಸುವುದು ಇಷ್ಟು: ಕದ್ದ ಬೈಕನ್ನು ಮಾರುವುದು ಕಷ್ಟವೆಂಬುದು ಪೇಟೆಗೆ ಸಲ್ಲುವ ಮಾತು. ನಮ್ಮ ಹಳ್ಳಿಗಳಲ್ಲಿ ಅದು ಅಷ್ಟೇನೂ ಕಷ್ಟವಲ್ಲ. ಅದನ್ನು ಸುಲಭ ಮಾಡಿಕೊಟ್ಟಿರುವವರು ನಾವು. ಪಟ್ಟಣದಲ್ಲಿ ಕದ್ದ ಬೈಕುಗಳನ್ನು ಹಳ್ಳಿಗಳಲ್ಲಿ ಅಗ್ಗಕ್ಕೆ ಮಾರಿದವರು ಸಿಕ್ಕಿಬಿದ್ದರೆಂಬ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಓದಿ, ಕಳ್ಳರು ಹೆಚ್ಚಿದ್ದಾರೆಂದು ಗೊಣಗಿ, ಪುಟ ತಿರುಗಿಸುತ್ತೇವೆ. ಮಾರಿದರೆಂದ ಮೇಲೆ ಕೊಂಡವರಿರಬೇಕಷ್ಟೆ? ಊರಿನಿಂದ ತೋಟಕ್ಕೆ, ತೋಟದಿಂದ ಡೇರಿಗೆ ಓಡಾಡುವ ಗಾಡಿಯನ್ನು ತಡೆದು ಕಾಗದ ಕೇಳುವವರು ಯಾರೂ ಇಲ್ಲ. ಕಳ್ಳನಿಗೆ ಬೇಕಾದದ್ದೂ ಅಂಥ ದಾರಿಯೇ.

ಇನ್ನೊಂದು ಅನುಕೂಲವನ್ನೂ ನಾವು ಮಾಡಿಕೊಟ್ಟಿದ್ದೇವೆ, ಅದೂ ಪ್ರಾಮಾಣಿಕರಾಗಿದ್ದುಕೊಂಡೇ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೦ನೆಯ ಪ್ರಕರಣದಂತೆ, ಗಾಡಿ ಮಾರಿದವನು ಅದೇ ರಾಜ್ಯದಲ್ಲಾದರೆ ೧೪ ದಿನಗಳೊಳಗೆ ತಿಳಿಸಬೇಕು, ಕೊಂಡವನು ೩೦ ದಿನಗಳೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಫಾರಂ ೨೯, ಫಾರಂ ೩೦ ಎಂಬುವು ಇದಕ್ಕಾಗಿಯೇ ಇವೆ. ನಾವು ಮಾಡುವುದೇನು? ಮಾರುವವನು ಖಾಲಿ ಫಾರಂಗೆ ರುಜು ಹಾಕಿ ಕೊಡುತ್ತಾನೆ. ಕೊಂಡವನು ಅದನ್ನು ಸೀಟಿನ ಕೆಳಗೆ ಮಡಿಸಿಡುತ್ತಾನೆ. ಎರಡು ವರ್ಷ ಓಡಿಸಿ ಅದೇ ಫಾರಮ್ಮಿನೊಡನೆ ಮೂರನೆಯವನಿಗೆ, ಮೂರನೆಯವನು ನಾಲ್ಕನೆಯವನಿಗೆ. ಹಾಸನಕ್ಕೆ ಹೋಗಬೇಕು, ಒಂದು ದಿನದ ಕೂಲಿ ಹೋಗುತ್ತದೆ, ಮಧ್ಯವರ್ತಿಗೆ ಬೇರೆ ಕೊಡಬೇಕು, ಹೀಗೆ ಕಾರಣಗಳಿವೆ. ಅವೆಲ್ಲ ಸುಳ್ಳೆಂದು ನಾನು ಹೇಳಲಾರೆ. ಅದರಿಂದ ಆದದ್ದು ಮಾತ್ರ ಇದು: ನ್ಯಾಯವಾಗಿ ಕೊಂಡ ಗಾಡಿಗಳೂ ನಮ್ಮೂರುಗಳಲ್ಲಿ ಇನ್ನಾರದೋ ಹೆಸರಿನಲ್ಲಿ ಓಡುತ್ತಿವೆ. ಅವುಗಳ ನಡುವೆ ಕದ್ದದ್ದೊಂದು ಬಂದು ನಿಂತರೆ ಗುರುತಿಸುವವರಾರು? ಕುರಿ ಹಿಂಡಿಗೇ ಗುರುತು ಹಾಕದ ಊರಿನಲ್ಲಿ ಕಳವಿನ ಕುರಿಯನ್ನು ಹೇಗೆ ಹುಡುಕುವುದು? ಹೆಸರು ಬದಲಾಯಿಸದೆ ಮಾರಿದವನಿಗೂ ಅಪಾಯ ಕಡಿಮೆಯಲ್ಲ. ಆ ಗಾಡಿ ನಾಳೆ ಯಾರಿಗಾದರೂ ಗುದ್ದಿದರೆ ನೋಟೀಸು ಬರುವುದು ದಾಖಲೆಯಲ್ಲಿ ಹೆಸರಿರುವವನಿಗೆ.

ಹಾಗೆಂದು ನಮ್ಮವರಿಗೆ ಕಾಗದದ ಬೆಲೆ ತಿಳಿಯದೆಂದಲ್ಲ. ಎರಡು ಗುಂಟೆ ಜಮೀನು ಕೊಳ್ಳುವಾಗ ಪಹಣಿ, ಮ್ಯುಟೇಷನ್ನು, ಋಣಭಾರ ಪತ್ರ, ನಕ್ಷೆ ಎಲ್ಲವನ್ನೂ ತರಿಸುತ್ತಾರೆ. ಅಕ್ಷರ ಬಾರದವರು ಬಲ್ಲವರಿಂದ ಎರಡೆರಡು ಸಲ ಓದಿಸುತ್ತಾರೆ. ದನದ ಜಾತ್ರೆಯಲ್ಲಿಯೂ ಹಾಗೆಯೇ. ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ಎಲ್ಲರೂ ನೋಡಿದ್ದಾರೆ. ಅಲ್ಲಿ ಗುಟ್ಟಾಗಿರುವುದು ಬೆಲೆ. ಎತ್ತು ಮಾತ್ರ ಬಯಲಿನಲ್ಲಿ ನಾಲ್ಕು ಜನರ ಮುಂದೆ ನಿಂತಿರುತ್ತದೆ, ಯಾವ ಊರಿನದು, ಯಾರ ಮನೆಯದು ಎಂದು ಕೇಳಿದರೆ ಹೇಳಬೇಕು. ಬೈಕಿನ ವ್ಯಾಪಾರದಲ್ಲಿ ಅದು ತಿರುಗಾಮುರುಗಾ: ಬೆಲೆಯನ್ನು ಗಟ್ಟಿಯಾಗಿ ಹೇಳುತ್ತಾರೆ, ಗಾಡಿಯನ್ನು ಕತ್ತಲೆಯಲ್ಲಿ ತೋರಿಸುತ್ತಾರೆ. ದನಗಳನ್ನು ಹೊಡೆದುಕೊಂಡು ಹೋದ ಕಳ್ಳರನ್ನು ಅಟ್ಟಿ, ತುರುಗಳನ್ನು ಬಿಡಿಸಿ ಮಡಿದವರಿಗೆ ನಮ್ಮ ನಾಡಿನಲ್ಲಿ ವೀರಗಲ್ಲು ನೆಟ್ಟರು. ಅಂಥ ಕಲ್ಲಿಗೆ ಒರಗಿಸಿ ಕಾಗದವಿಲ್ಲದ ಬೈಕು ನಿಲ್ಲಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅರ್ಥಶಾಸ್ತ್ರ ಓದುವ ಮಿತ್ರರು ಅಮೆರಿಕದ ಜಾರ್ಜ್ ಅಕರ್ಲಾಫ್ ೧೯೭೦ರಲ್ಲಿ ಬರೆದ ಪ್ರಬಂಧವನ್ನು ಬಲ್ಲರು. ೨೦೦೧ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಾಗ ಮುಖ್ಯವಾಗಿ ಹೆಸರಾದದ್ದು ಅದೇ. ಹಳೆಯ ಕಾರು ಮಾರುವವನಿಗೆ ಅದರ ದೋಷ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಆ ಮಾರುಕಟ್ಟೆ ಕೆಡುತ್ತದೆ ಎಂಬುದು ಅದರ ಸಾರ. ಕದ್ದ ಬೈಕಿನ ವ್ಯಾಪಾರಕ್ಕೆ ಇದು ಒಪ್ಪುವುದಿಲ್ಲವೆಂದು ನನ್ನ ಅಭಿಪ್ರಾಯ. ಇಲ್ಲಿ ಇಬ್ಬರಿಗೂ ಗೊತ್ತು. ನಲವತ್ತು ಸಾವಿರದ ಗಾಡಿ ಹದಿನೈದಕ್ಕೆ ಬರುತ್ತದೆಂದರೆ ಆ ಬೆಲೆಯೇ ಬಾಯಿ ಬಿಟ್ಟು ಹೇಳುತ್ತಿರುತ್ತದೆ. ಕಡಿಮೆ ಮಾಡಿದ ಇಪ್ಪತ್ತೈದು ಸಾವಿರವು ನಾವು ಕೇಳದೆ ಇರುವುದಕ್ಕೆ ಕಳ್ಳನು ಕೊಡುವ ಸಂಬಳ. ಕಾನೂನೂ ಈ ಮರ್ಮವನ್ನು ಬಲ್ಲುದು. ಹಿಂದಿನ ದಂಡಸಂಹಿತೆಯ ೪೧೧ನೆಯ ಪ್ರಕರಣದಲ್ಲಿದ್ದ ವಿಧಿ, ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ೩೧೭ನೆಯದಾಗಿದೆ. ಕಳವಿನ ಮಾಲೆಂದು ತಿಳಿದು ಪಡೆದವನಷ್ಟೇ ಅಲ್ಲ, ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಪಡೆದವನು, ಇಟ್ಟುಕೊಂಡವನು ಮೂರು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗಬಹುದು. ಕಳ್ಳತನಕ್ಕೆ ೩೦೩ನೆಯ ಪ್ರಕರಣ ಮೊದಲ ಸಲಕ್ಕೆ ಇಟ್ಟಿರುವ ಗರಿಷ್ಠ ಸೆರೆಯೂ ಮೂರು ವರ್ಷವೇ. ಕದ್ದವನನ್ನೂ ಕೊಂಡವನನ್ನೂ ಶಾಸನ ಒಂದೇ ತಕ್ಕಡಿಯಲ್ಲಿ ತೂಗಿದೆ. "ನನಗೇನು ಗೊತ್ತಿತ್ತು?" ಎಂಬ ನಮ್ಮ ಮಾಮೂಲು ಮಾತು ಅಲ್ಲಿ ಹೆಚ್ಚು ದೂರ ನಡೆಯದು.

ಇದು ಬಡವರ ದೌರ್ಬಲ್ಯವೆಂದು ಯಾರೂ ಹಗುರಾಗಿ ತಿಳಿಯಬಾರದು. ತಮಿಳುನಾಡಿನ ಶ್ರೀಪುರಂದಾನ್ ಎಂಬ ಹಳ್ಳಿಯ ದೇವಾಲಯದಿಂದ ಕಳುವಾದ ಚೋಳರ ಕಾಲದ ಕಂಚಿನ ನಟರಾಜನನ್ನು ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಶಾಲೆ ೨೦೦೮ರಲ್ಲಿ ಸುಮಾರು ೫೦ ಲಕ್ಷ ಡಾಲರಿಗೆ ನ್ಯೂಯಾರ್ಕಿನ ವ್ಯಾಪಾರಿಯಿಂದ ಕೊಂಡಿತು. ಅದಕ್ಕೂ ಕಾಗದವಿತ್ತು, ಸುಳ್ಳು ಕಾಗದ. ೨೦೧೪ರಲ್ಲಿ ಆ ದೇಶದ ಪ್ರಧಾನಿಯೇ ವಿಗ್ರಹವನ್ನು ತಂದು ಒಪ್ಪಿಸಬೇಕಾಯಿತು. ಪಂಡಿತರು ತುಂಬಿದ ಅಷ್ಟು ದೊಡ್ಡ ಸಂಸ್ಥೆ ಕೇಳಬೇಕಾದ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳದೆ ಹೋಯಿತು. ಅದರ ಮುಂದೆ ನಮ್ಮ ಚಹದಂಗಡಿಯ ವ್ಯಾಪಾರ ಎಷ್ಟರದು? ಆದರೂ ಎರಡರ ಮೂಲ ಒಂದೇ ಎಂದು ನನಗೆ ತೋರುತ್ತದೆ: ವಸ್ತುವಿನ ಮೇಲೆ ಆಸೆ ಹುಟ್ಟಿದ ಮೇಲೆ ಪ್ರಶ್ನೆ ಕೇಳುವ ನಾಲಗೆ ತಾನಾಗಿ ಹಿಂದೆ ಸರಿಯುತ್ತದೆ.

ಕಾವಲು ಹೆಚ್ಚಿಸಬೇಕು, ಕ್ಯಾಮರಾ ಹಾಕಬೇಕು ಎಂದು ಬರೆಯುವುದು ಸುಲಭ. ಹಾಕಲಿ, ಬೇಡವೆನ್ನುವುದಿಲ್ಲ. ನನ್ನ ಕೋರಿಕೆ ಅದಕ್ಕಿಂತ ಚಿಕ್ಕದು. ನಮ್ಮ ಕಾಲೇಜಿನಲ್ಲಿ ಮನೆಯ ಮೊದಲ ಪದವೀಧರರಾಗಲಿರುವವರು ಬಹಳ ಮಂದಿ ಇದ್ದೇವೆ. ಊರಿನವರು ಪಡಿತರ ಚೀಟಿಯಿಂದ ಹಿಡಿದು ಬ್ಯಾಂಕಿನ ನೋಟೀಸಿನವರೆಗೆ ನಮ್ಮ ಕೈಗೇ ತಂದು ಕೊಡುತ್ತಾರೆ. ಬೈಕು ಕೊಳ್ಳುವಾಗಲೂ ನಂಬರನ್ನು ಮೊಬೈಲಿನಲ್ಲಿ ನೋಡಿ, ಚಾಸಿಯ ಅಕ್ಷರಗಳನ್ನು ಆರ್.ಸಿ.ಯೊಡನೆ ಒಂದೊಂದಾಗಿ ತಾಳೆ ಹಾಕಿ, ಫಾರಂ ೨೯, ೩೦ನ್ನು ತುಂಬಿಕೊಡುವ ಕೆಲಸವನ್ನು ನಾವು ಮಾಡಬಹುದು. ಹತ್ತು ನಿಮಿಷವೂ ಹಿಡಿಯುವುದಿಲ್ಲ. ಕಾಗದವಿಲ್ಲದ ಗಾಡಿಗೆ ನಮ್ಮ ಹೋಬಳಿಯಲ್ಲಿ ಗಿರಾಕಿಯಿಲ್ಲವೆಂದಾದರೆ, ಅರಸೀಕೆರೆಯಲ್ಲಿ ಕದ್ದವನು ಅದನ್ನು ಎಲ್ಲಿಗೆ ಒಯ್ಯುತ್ತಾನೆ?

ಇಷ್ಟು ಬರೆದ ಮೇಲೆ ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ನಾನು ಬೇಡವೆಂದ ಆ ಸ್ಪ್ಲೆಂಡರನ್ನು ನಮ್ಮ ಪಕ್ಕದ ಊರಿನವರೊಬ್ಬರು ಹನ್ನೆರಡು ಸಾವಿರಕ್ಕೆ ಕೊಂಡರು. ನಾನು ಕಂಡದ್ದನ್ನೆಲ್ಲ ಅವರಿಗೆ ಹೇಳಿದೆ, ಠಾಣೆಗೆ ಒಪ್ಪಿಸಿಬಿಡಿ ಎಂದೂ ಹೇಳಿದೆ. "ಎಲ್ರೂ ತಗಂತಾರೆ, ನಾನೊಬ್ಬನೇನಾ? ಸುಮ್ಕಿರು ತಮ್ಮಾ" ಎಂದರು. ನಮ್ಮ ಅಕ್ಕನ ಮದುವೆಯಲ್ಲಿ ಎರಡು ದಿನ ಅಡಿಗೆಮನೆಯಲ್ಲಿ ನಿಂತು ದುಡಿದವರು. ನಾನು ಸುಮ್ಮನಾದೆ, ಇದುವರೆಗೂ ಸುಮ್ಮನಿದ್ದೇನೆ. ತಂದೆಯವರ ಎಕ್ಸ್.ಎಲ್. ಯಾವ ಊರಿನಲ್ಲಿದೆಯೋ, ಅಲ್ಲಿಯೂ ನನ್ನಂಥ ಒಬ್ಬ ಹುಡುಗ ಹೀಗೆಯೇ ಸುಮ್ಮನಿರಬಹುದು.

ಆ ಗಾಡಿ ಅವರ ತೋಟದ ಮನೆಯ ಹಿಂದೆ ತೆಂಗಿನ ಗರಿಯ ಮರೆಯಲ್ಲಿದೆ. ಪೇಟೆಯ ದಾರಿಯಲ್ಲಿ ಪೊಲೀಸರು ತಡೆದಾರೆಂದು ಅದನ್ನು ಊರು ದಾಟಿಸುವುದಿಲ್ಲ. ಅರಸೀಕೆರೆಗೆ ಕೆಲಸವಿದ್ದ ದಿನ ಅವರೂ ಬೆಳಗ್ಗೆ ನನ್ನ ಪಕ್ಕದಲ್ಲಿಯೇ ಬಸ್ಸಿಗೆ ಕಾದು ನಿಲ್ಲುತ್ತಾರೆ.